ಕಣ್ಣು ನೋಡಿ ಕೊಂಡ ಕ್ಯಾಮೆರಾ

ನನ್ನ ಚಿಕ್ಕಪ್ಪನಷ್ಟು ಹೆದರುಪುಕ್ಕಲ ಹೊನ್ನಾವರದ ಬಂದರಿನಲ್ಲಿ ಇನ್ನೊಬ್ಬನಿಲ್ಲ! ಮೂವತ್ತು ವರ್ಷದಿಂದ ಬೋಟಿನಲ್ಲಿ ಮೀನಿಗೆ ಹೋಗುವ ಮನುಷ್ಯ. ಅಲೆಗೆ ಹೆದರಿದ್ದನ್ನು ಯಾರೂ ಕಂಡಿಲ್ಲ. ಆದರೆ ಈ ಮಳೆಗಾಲ, ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡದಲ್ಲಿದ್ದಾಗ, ಅವನಿಗೊಂದು ಹೆದರಿಕೆ ಹತ್ತಿತು: ತನ್ನದೊಂದು ನೆಟ್ಟಗಿನ ಫೋಟೋ ಮನೆಯಲ್ಲಿಲ್ಲ.

"ಬೋಟ್ ನೀರಿಗೆ ಇಳಿಯೂದ್ರೊಳಗೆ ದೊಡ್ಡ ಕ್ಯಾಮೆರಾ ಬೇಕು ಮಗಾ, ಡಿಎಸ್ಎಲ್ಆರ್. ನೀ ಓದಿದವಳು, ನನ್ನ ಸಂಗಡ ಬಾ."

"ಫೋನಿದೆಯಲ್ಲ ಚಿಕ್ಕಪ್ಪ?"

"ಫೋನ್ ನೀರಿಗೆ ಬಿದ್ರೆ ಮುಖನೂ ಹೋತು."

"ಹಾಗಾದ್ರೆ ಸ್ಟುಡಿಯೋ?"

"ಅಲ್ಲಿ ಕೂರ್ಸಿದ್ರೆ ನಾ ಹೆಣದ ಹಾಂಗೆ ಕಾಣ್ತೆ!"

ಮೊದಲು ಭಟ್ಕಳಕ್ಕೆ ಹೋದೆವು. ಅಂಗಡಿಯವರು ಎರಡು ಕಂಪನಿಯ ಕ್ಯಾಮೆರಾ ಇಟ್ಟರು; ಒಂದರ ಪಟ್ಟಿ ಹಳದಿ, ಇನ್ನೊಂದರದು ಕೆಂಪು. ಚಿಕ್ಕಪ್ಪ ಮೆಗಾಪಿಕ್ಸೆಲ್ ಕೇಳಲಿಲ್ಲ. ಲೆನ್ಸಿನ ಮುಚ್ಚಳ ತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು, ಮೀನು ಪೇಟೆಯಲ್ಲಿ ಬಂಗುಡೆಯ ಕಣ್ಣು ನೋಡುವಂತೆ ನೋಡಿದ. "ಕಣ್ಣು ತಿಳಿ ಇದೆ." ಆಮೇಲೆ, ದೇವರೇ, ಮೂಸಿದ!

"ಕಾಕಾ, ನಿನ್ನೆಯಷ್ಟೇ ಬಂದ ಮಾಲು," ಎಂದರು ಅಂಗಡಿಯವರು.

"ನಿನ್ನೇದಾ? ಇವತ್ತಿಂದು ಇಲ್ವಾ?"

ನಾನು ನೆಲ ನೋಡಿದೆ. ಚಿಕ್ಕಪ್ಪ ಮಾತ್ರ ದನಿ ತಗ್ಗಿಸಿ, "ಒಂದು ಸಲ ಒತ್ತಿದ್ರೆ ಎಷ್ಟು ಫೋಟೋ ಬತ್ತದೆ?" ಎಂದು ಕೇಳಿದ. ಬೆರಳು ಒತ್ತಿ ಹಿಡಿದರೆ ಟಕಟಕ ಬರುತ್ತಲೇ ಇರುತ್ತದೆ ಎಂದರೂ ನಂಬಿಕೆಯಿಲ್ಲ. ಮೂರು ಸಲ ಒತ್ತಿಸಿ ನೋಡಿದ.

ಕುಮಟೆಯಲ್ಲಿ ಮದುವೆ ಫೋಟೋ ತೆಗೆಯುವ ಪರಿಚಯದವರೊಬ್ಬರಿದ್ದರು. ಯಾವುದು ಒಳ್ಳೆಯದು ಎಂದು ಅವರನ್ನೂ ಕೇಳಲಿಲ್ಲ. "ಕೆಟ್ರೆ ಯಾವ್ದನ್ನ ಬಿಚ್ಚೂಕೆ ಬತ್ತದೆ ನಿಮಗೆ?" ಬೋಟಿನ ಇಂಜಿನ್ನಿಗೂ ಅವನ ಲೆಕ್ಕ ಇದೇ: ನಮ್ಮ ಬಂದರಿನ ಮೆಕ್ಯಾನಿಕ್ ಬಿಚ್ಚಬಲ್ಲದ್ದೇ ಕೊಟ್ಟ ಹಣಕ್ಕೆ ಬಾಳುವ ಇಂಜಿನ್.

"ಕೆಂಪು ಪಟ್ಟಿಯದು. ನನ್ನ ಹತ್ರನೂ ಅದೇ. ಬೇಕಾದ್ರೆ ಲೆನ್ಸೂ ಒಯ್ಯಿ."

"ಆತು, ಕೆಂಪು."

ಎಂಟು ದಿನ ಇಂಟರ್‌ನೆಟ್ಟಿನಲ್ಲಿ ನಾನು ಓದಿದ್ದೆಲ್ಲ ಶರಾವತಿಗೆ ಹೋಯಿತು!

ಮನೆಗೆ ತಂದ ಮೇಲೆ ಉಪ್ಪು ಗಾಳಿಯ ಹೆದರಿಕೆ. ಕ್ಯಾಮೆರಾ ಅಕ್ಕಿ ಡಬ್ಬ ಸೇರಿತು. ದಿನಾ ಬೆಳಿಗ್ಗೆ ಚಿಕ್ಕಮ್ಮನ ಕೂಗು: "ಹೋಯ್, ನಿಮ್ಮ ಶಿಶು ಎದ್ದಿದೆ, ಎತ್ಕಣಿ. ಅನ್ನ ಮಾಡ್ಬೇಕು!"

ನಗುತ್ತಾ ಬರೆಯುತ್ತಿದ್ದೇನೆ. ಆದರೆ ಆ ಡಬ್ಬದ ಮೇಲಿನ ಗೋಡೆಯಲ್ಲಿ ನನ್ನ ಅಪ್ಪನ ಫೋಟೋ ಇದೆ. ಸಮುದ್ರಕ್ಕೆ ಹೋದ ಅಪ್ಪ ತಿರುಗಿ ಬರದಿದ್ದಾಗ ನನಗೆ ಐದು ವರ್ಷ. ಅವನದು ಬೆಕ್ಕಿನ ಕಣ್ಣು ಎಂದು ನನ್ನ ನೆನಪು. ನಿಜವಾ? ಯಾರೋ ಹೇಳಿದ್ದನ್ನು ನಾನೇ ಕಂಡೆನೆಂದುಕೊಂಡೆನಾ? ನೋಡಿ ತಿಳಿಯುವಂತಿಲ್ಲ, ಇರುವ ಒಂದೇ ಫೋಟೋದಲ್ಲಿ ಅವನು ಕಣ್ಣು ಮುಚ್ಚಿದ್ದಾನೆ. ಯಾರದೋ ಮದುವೆಯಲ್ಲಿ, ಎರವಲು ಕ್ಯಾಮೆರಾದಲ್ಲಿ, ರೀಲಿನ ಕೊನೆಯ ಫೋಟೋ. ತೆಗೆದವನು ಚಿಕ್ಕಪ್ಪ. ಒಂದೇ ಸಲ ಒತ್ತಿದ್ದ.

ಬೋಟ್ ಇಳಿಯುವ ಬೆಳಿಗ್ಗೆ ಕ್ಯಾಮೆರಾವನ್ನು ನನ್ನ ಕೈಗಿಟ್ಟು ಬೋಟಿನ ಕಡೆ ನಡೆದ. ನಮ್ಮಲ್ಲಿ ಸಮುದ್ರಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಲೆನ್ಸಿನಲ್ಲಿ ಬರೀ ಬೆನ್ನು. ಕರೆಯಲಾರೆ, ಬಿಡಲಾರೆ, ಬೆರಳನ್ನು ಗುಂಡಿಯ ಮೇಲಿಟ್ಟೇ ನಿಂತೆ. ಬೋಟಿನ ಅಂಚಿಗೆ ಕಾಲಿಟ್ಟವನು ತಾನಾಗಿ ತಿರುಗಿದ. ಎರಡೂ ಕಣ್ಣು ಇಷ್ಟಗಲ ಬಿಟ್ಟುಕೊಂಡು, ಆಗಷ್ಟೇ ಬಲೆಯಿಂದ ತೆಗೆದ ಬಂಗುಡೆಯಂತೆ, ಮಿಟುಕಿಸದೆ ನಿಂತ! ನಾನು ಒತ್ತಿದ ಬೆರಳು ತೆಗೆಯಲಿಲ್ಲ.

ಇಂದಿಗೆ ಮೂರನೆಯ ದಿನ. ಸಂಜೆಗೆ ಬೋಟ್ ಬರುತ್ತದಂತೆ. ಗಾಳಿ ಜೋರಾಗಿದೆ. ನಲವತ್ತೊಂದು ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಒಂದರಲ್ಲೂ ಕಣ್ಣು ಮುಚ್ಚಿಲ್ಲ. ಬಂದ ಕೂಡಲೇ ಹೇಳಬೇಕು: "ಚಿಕ್ಕಪ್ಪ, ಆತು. ಇನ್ನು ಮಿಟುಕಿಸು."