ಗಿರಣಿಯಮ್ಮನ ರಿಟ್ ಅರ್ಜಿ

ಸರ್ಕಾರಿ ಆದೇಶಗಳ ಮೇಲೆ ಹೈಕೋರ್ಟಿಗೆ ರಿಟ್ ಹಾಕುವುದು ನನ್ನ ಕಸುಬು. ಹೆಸರು ಕೇಳಿದರೇ ಆಕಳಿಕೆ ಬರುವ ಕೆಲಸ. ಆದರೂ ಲಕ್ಷ್ಮೀಪುರಂನ ನನ್ನ ಆಫೀಸಿನ ಬಾಗಿಲು ತೆಗೆದರೆ ಸಾಕು, ನಗುವುದಕ್ಕೆ ಏನಾದರೊಂದು ಒಳಗೆ ಬಂದು ಕೂರುತ್ತದೆ. ಹೋದ ವರ್ಷ ಅದು ಒಬ್ಬ ಗಿರಣಿಯಮ್ಮನ ಜೊತೆ ಬಂತು.

೧. ಹಿಟ್ಟಿನ ಡಬ್ಬಿ

ಕೃಷ್ಣಮೂರ್ತಿಪುರಂನಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು ಆಕೆ. ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿ, ಗುಟ್ಟು ಹೇಳಿದರೂ ಎದುರು ಮನೆಗೆ ಕೇಳುತ್ತಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು "ಶಬ್ದ ವಿಪರೀತ" ಎಂದು ದೂರು ಕೊಟ್ಟಿದ್ದರು. ಲೈಸೆನ್ಸ್ ಕೊಡುವ ಆಫೀಸಿನವರು ಈಕೆಯನ್ನು ಒಂದು ಮಾತೂ ಕೇಳದೆ ನವೀಕರಣ ನಿರಾಕರಿಸಿದ್ದರು. ಗಿರಣಿ ನಿಂತು ಮೂರು ತಿಂಗಳಾಗಿತ್ತು. ಆಕೆಗೆ ಬೇರೆ ಜೀವನಾಧಾರ ಇರಲಿಲ್ಲ.

ಮೇಜಿನ ಮೇಲೆ ರಾಗಿ ಹಿಟ್ಟಿನ ಡಬ್ಬಿ ಇಟ್ಟರು. "ಜಡ್ಜ್ ಸಾಹೇಬ್ರಿಗೆ ಕೊಟ್ಬುಡಿ ಸ್ವಾಮಿ. ಎಷ್ಟು ನುಣ್ಣಗೆ ಬಿದ್ದದೆ ನೋಡ್ಲಿ."

"ಹಿಟ್ಟು ನೋಡಲ್ಲ ಕಣಮ್ಮ. ಶಬ್ದ ಜಾಸ್ತಿನಾ ಕಮ್ಮಿನಾ ಅಂತಲೂ ನೋಡಲ್ಲ. ಆಫೀಸಿನವರು ಸರಿಯಾದ ಕ್ರಮದಲ್ಲಿ ತೀರ್ಮಾನ ಮಾಡಿದ್ರಾ ಅನ್ನೋದಷ್ಟೇ ನೋಡ್ತಾರೆ."

"ಅಂಗನ್ನಿ. ಹಿಟ್ಟು ನೋಡಲ್ಲ, ಜರಡಿ ನೋಡ್ತಾರೆ."

ಕಾನೂನು ಕಾಲೇಜಿನಲ್ಲಿ ನನಗೆ ಇದು ತಲೆಗೆ ಹತ್ತಲು ಒಂದು ವರ್ಷ ಹಿಡಿದಿತ್ತು.

೨. ಗೆಲುವು

ಬೇಡವೆಂದರೂ ಕೇಳದೆ ನನ್ನ ಜೊತೆ ರೈಲು ಹತ್ತಿ ಬೆಂಗಳೂರಿಗೆ ಬಂದರು. ಎರಡೇ ನಿಮಿಷದಲ್ಲಿ ಆದೇಶ ರದ್ದಾಯಿತು. ಆಕೆಯ ಮಾತು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದು ಕೋರ್ಟು ಹೇಳಿತು.

"ಗೆದ್ವಾ ಸ್ವಾಮಿ?"

"ಗೆದ್ವಿ."

"ನಾಳೆ ಗಿರಣಿ ಶುರು ಮಾಡ್ಲಾ?"

"ಇಲ್ಲಮ್ಮ. ಮತ್ತೆ ಅದೇ ಆಫೀಸಿಗೆ, ಅದೇ ಸಾಹೇಬರ ಹತ್ರ ಹೋಗ್ಬೇಕು."

ಆಕೆ ಕೋರ್ಟಿನ ಮೆಟ್ಟಿಲ ಮೇಲೇ ನಿಂತುಬಿಟ್ಟರು. "ಗೆದ್ದೋರೇ ಅಲ್ಲಿಗೆ ಹೋಗ್ಬೇಕು ಅಂದ್ರೆ, ಸೋತೋರು ಇನ್ನೆಲ್ಲಿಗೆ ಹೋಗ್ತಾರೆ ಸ್ವಾಮಿ?"

೩. ಮುಂಚಿತ ವಿಚಾರಣೆ

ವಿಚಾರಣೆ ಮಂಗಳವಾರ ಹತ್ತೂವರೆಗೆ. ಹೋಗಿ ಸಾಹೇಬರ ಎದುರು ಕುಳಿತೆವು. ಗುಮಾಸ್ತರು ಅಭ್ಯಾಸಬಲದಿಂದ ಒಂದು ಹಾಳೆ ಕೈಗಿಟ್ಟು, "ಇಲ್ಲಿ ಸಹಿ ಹಾಕಿ" ಅಂದರು. ಓದಿದೆ. "ಅರ್ಜಿದಾರರ ಅಹವಾಲನ್ನು ಕೂಲಂಕಷವಾಗಿ ಆಲಿಸಲಾಯಿತು. ಒಪ್ಪುವಂತಿಲ್ಲವಾದ್ದರಿಂದ ತಿರಸ್ಕರಿಸಿದೆ." ಕೆಳಗೆ ಸಾಹೇಬರ ಸಹಿ, ಸೋಮವಾರದ ದಿನಾಂಕ.

ನನಗೆ ರೇಗಿತು. ಆಕೆಗೆ ವಿಷಯ ತಿಳಿಸಿದೆ. ಆಕೆ ಸ್ವಲ್ಪವೂ ಸಿಟ್ಟಾಗದೆ ಸಾಹೇಬರನ್ನೇ ಕೇಳಿದರು. "ನೆನ್ನೆ ನಾನು ಚೆನ್ನಾಗಿ ಮಾತಾಡಿದ್ನಾ ಸ್ವಾಮಿ?"

೪. ಸ್ಥಳ ಪರಿಶೀಲನೆ

ಇನ್ನೊಂದು ರಿಟ್ ಬರುತ್ತದೆಂಬ ಭಯಕ್ಕೆ ಸಾಹೇಬರು ಆ ಹಾಳೆ ವಾಪಸು ಪಡೆದು, ಗುರುವಾರ ತಾವೇ ಗಿರಣಿಗೆ ಬಂದರು. ದೂರು ಕೊಟ್ಟ ಮೇಷ್ಟ್ರನ್ನೂ ಕರೆಸಿದರು. ಆಕೆ ಕೈ ಮುಗಿದು ಸ್ವಿಚ್ ಒತ್ತಿದರು.

ಗಿರಣಿ ತಿರುಗಿತು. ಸಾಹೇಬರು ಕೇಳಿದರು, "ಇದೇ ಶಬ್ದನಾ ಮೇಷ್ಟ್ರೇ?"

ಮೇಷ್ಟ್ರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. "ಅಲ್ಲ ಸಾರ್. ಇಷ್ಟೇ ಆಗಿದ್ರೆ ನಾನ್ಯಾಕೆ ಅರ್ಜಿ ಬರೀತಿದ್ದೆ?"

ಅಷ್ಟರಲ್ಲಿ, ಗಿರಣಿ ಶುರುವಾದ ಸದ್ದು ಕೇಳಿ ಯಾರೋ ಹೊಸಿಲ ಮೇಲೆ ಚೀಲ ಇಟ್ಟು ಹೋಗಿದ್ದರು. ಆಕೆಗೆ ಖುಷಿ ತಡೆಯಲಾಗಲಿಲ್ಲ. ಬೀದಿಯ ಕಡೆ ತಿರುಗಿ, "ಈ ರಾಗಿ ಯಾರ್ದ್ರಮ್ಮೋ!" ಎಂದು ಕೂಗಿದರು.

ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡು ಎಗರಿದರು. "ಇದು ಸಾರ್! ಇದೇ ಶಬ್ದ!"

ಮರುದಿನ ಲೈಸೆನ್ಸ್ ಬಂತು. ಅದರ ಜೊತೆಗಿದ್ದ ಆದೇಶದ ಕೊನೆಯ ಸಾಲನ್ನು ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದೇನೆ. "ಗಿರಣಿಯ ಶಬ್ದ ಮಿತಿಯಲ್ಲಿದೆ. ಮಾಲೀಕರ ಧ್ವನಿಯು ಈ ಕಚೇರಿಯ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ."