ಮೈಸೂರಲ್ಲಿ ಕೂತು ತಿನ್ನಬೇಕಿದ್ದ ದೋಸೆ

ಮನೆಯಿಂದ ಹೊರಗೆ ಕಾಲಿಟ್ಟವನಿಗೆ ಶಿವನೇ ದಾರಿ ತೋರಿಸುತ್ತಾನೆ ಎಂದು ನಂಬಿದವನು ನಾನು. ಆದರೆ ಊಟದ ಹೊತ್ತಿಗೆ ಸರಿಯಾಗಿ ಅವನು ನನ್ನನ್ನು ಯಾವುದಾದರೊಂದು ಎಡವಟ್ಟಿಗೆ ತಳ್ಳಿ, ತಾನು ದೂರ ನಿಂತು ನೋಡುತ್ತಾನೆ ಎಂಬುದೂ ಅಷ್ಟೇ ನಿಜ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಕರ್ಪೂರ, ಊದುಬತ್ತಿ, ಮೂಲೆಯಲ್ಲಿ ಒಂದಿಷ್ಟು ನಮ್ಮ ತೋಟದ ಕಾಯಿ. ಬಸ್ಸಿಗೆ ಕಾಯುವವರು ನೆರಳಿಗೆಂದು ಬಂದು ನಿಂತು, "ಮೈಸೂರಿಗೆ ಹೊಂಟಿದೀವಿ ಸ್ವಾಮಿ, ಏನ್ ನೋಡೋದು, ಎಲ್ಲಿ ತಿನ್ನೋದು?" ಎಂದು ಕೇಳುತ್ತಾರೆ. ಹತ್ತಾರು ಸಲ ಹೋಗಿ ಬಂದವನು ಎಂಬ ಹೆಸರು ನನಗಿದೆ. ಏನು ನೋಡೋದು ಎಂಬುದಕ್ಕೆ ಯಾವ ಗುಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ ಎಂದು ಗಂಭೀರವಾಗಿ ಹೇಳುತ್ತೇನೆ. ಎಲ್ಲಿ ತಿನ್ನೋದು ಎಂದರೆ ಮಾತ್ರ ಕೆಮ್ಮು ಬರುತ್ತಿತ್ತು. ಹೋದ ತಿಂಗಳವರೆಗೂ ಮೈಸೂರಿನ ಯಾವ ಹೋಟೆಲಿನಲ್ಲೂ ನಾನು ಒಂದು ತುತ್ತು ತಿಂದವನಾಗಿರಲಿಲ್ಲ.

ಅದರಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ನನ್ನ ಹೆಂಡತಿಗೆ.

ಮದುವೆಯಾದ ಹೊಸದರಲ್ಲಿ "ನಿನಗೇನು ಬೇಕು ಕೇಳು" ಅಂದಿದ್ದೆ. ಸೀರೆಯೋ ಬಳೆಯೋ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮೈಸೂರಲ್ಲಿ ಒಂದು ಹೋಟೆಲಲ್ಲಿ ಕೂತ್ಕೊಂಡು, ಬೇರೆಯೋರು ಹುಯ್ದ ಮಸಾಲೆ ದೋಸೆ ಬಿಸೀದು ತಿನ್ಬೇಕು" ಅಂದಳು. ನಮ್ಮದು ಆಗ ಒಟ್ಟು ಸಂಸಾರ. ಎಲ್ಲರಿಗೂ ಹುಯ್ದು ಹಾಕಿ, ಕೊನೆಯ ದೋಸೆಯನ್ನು ಅವಳು ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದಳು. ಅದೂ ತಣ್ಣಗಾದ ಮೇಲೆ.

"ಇಷ್ಟೇನಾ?" ಅಂದೆ.

ಆ "ಇಷ್ಟೇನಾ"ಗೆ ಮೂವತ್ತೊಂದು ವರ್ಷವಾಯಿತು. ತೋಟ, ಅಂಗಡಿ, ಬಾಣಂತನ, ಅಮ್ಮನ ಕಾಯಿಲೆ ಎಂದು ದಿನ ತಳ್ಳಿದೆ. ನಾನು ಮಾತ್ರ ಗುಡಿ, ಮಠ ಎಂದು ಒಬ್ಬನೇ ಹೋಗಿ ಬರುತ್ತಿದ್ದೆ. ಹೆಂಗಸರಿಗೆ ಬಸ್ಸು ಫ್ರೀ ಆದ ದಿನ ಅವಳು ಆಧಾರ್ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಪರ್ಸಿಗೆ ಹಾಕಿಕೊಂಡು, "ಇನ್ನೇನ್ ನೆಪ ಐತ್ರೀ?" ಅಂದಳು.

೧. ಹೊರಗಿನ ತಿಂಡಿ

ಮೊದಲ ಸಲ ಹೊರಟಾಗ ನಾನು ಹೇಳಿದ್ದು ಒಂದೇ ಮಾತು: "ದಾರಿಗೆ ಬುತ್ತಿ ಇರಲಿ ಕಣೇ. ಲಿಂಗಪೂಜೆ ಆಗದೆ, ಮಡಿಯಿಲ್ಲದೆ ಮಾಡಿದ್ದು ನನಗೆ ಸೇರಲ್ಲ." ಅವಳು ನಸುಕಿಗೇ ಎದ್ದು ರೊಟ್ಟಿ ತಟ್ಟಿದಳು, ಹುಚ್ಚೆಳ್ಳು ಪುಡಿ ಕಟ್ಟಿದಳು, ಮೊಸರನ್ನ ಕಲೆಸಿದಳು. ತುರುವೇಕೆರೆ, ಮಾಯಸಂದ್ರ, ನಾಗಮಂಗಲ ದಾಟಿ ಮೈಸೂರು ಸೇರುವ ಹೊತ್ತಿಗೆ ಬಿಸಿಲೇರಿತ್ತು.

ಮಾತು ಕೊಟ್ಟಿದ್ದೆನಲ್ಲ, ಹೋಟೆಲಿಗೂ ಕರೆದುಕೊಂಡು ಹೋದೆ. ಕೈಕಾಲು ತೊಳೆದು ಬಂದು, ಟೇಬಲ್ಲಿನ ಮೇಲೆ ವಸ್ತ್ರ ಹಾಸಿ, ಕಣ್ಣು ಮುಚ್ಚಿ ಲಿಂಗಪೂಜೆಗೆ ಕೂತೆ. ಕಣ್ಣು ಬಿಟ್ಟಾಗ ನಮ್ಮ ಟೇಬಲ್ಲಿನ ಸುತ್ತ ಜಾಗಕ್ಕಾಗಿ ಕಾಯುತ್ತಿದ್ದವರು ಆರು ಜನ. ಅವರಲ್ಲೊಬ್ಬರು ಚಪ್ಪಲಿ ಬಿಟ್ಟು ನಿಂತಿದ್ದರು.

ಸಪ್ಲೈಯರ್ ಬಂದ. "ಏನ್ ಕೊಡ್ಲಿ ಸಾರ್?"

"ಎರಡು ಲೋಟ ನೀರು ಕೊಡಪ್ಪ" ಎಂದು ಬುತ್ತಿ ಬಿಚ್ಚಿದೆ.

ಅವನು ಗೋಡೆಯ ಬೋರ್ಡು ತೋರಿಸಿದ. "ಸಾರ್, ಹೊರಗಿನ ತಿಂಡಿ ಒಳಗೆ ತರಂಗಿಲ್ಲ."

"ನಾವೂ ಅದನ್ನೇ ಹೇಳೋದು ಕಣಪ್ಪ" ಎಂದು ಹೊಟ್ಟೆ ತೋರಿಸಿದೆ. "ಹೊರಗಿನ ತಿಂಡಿ ಒಳಗೆ ಬಿಡಲ್ಲ."

ಹೋಟೆಲೆಲ್ಲ ನಕ್ಕಿತು. ನನಗೂ ಜಾಣತನದ ಮಾತಾಡಿದೆ ಎನ್ನಿಸಿತು. ಆಮೇಲೆ ಪಾರ್ಕಿನ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿಯುವಾಗ ಅವಳು ಹೋಟೆಲಿನ ಕಡೆಯೇ ನೋಡುತ್ತಿದ್ದಳು. "ಚೆನ್ನಾಗೈತೆ ಅಲ್ವೇನೇ ರೊಟ್ಟಿ?" ಅಂದೆ.

"ಯಾರ್ ತಟ್ಟಿದ್ದೋ ಏನೋ" ಅಂದಳು.

೨. ಮೀಸಲು ಕಾಯಿ

ಆ ಸಲ ದೇವರನ್ನು ಕೇಳದೆ ಹೋಟೆಲಿಗೆ ಹೋಗಿದ್ದೇ ತಪ್ಪು ಎಂದು ನನಗೆ ಅನ್ನಿಸಿತು. ನಮ್ಮ ತೋಟದಲ್ಲೇ ದಪ್ಪನೆಯ ಕಾಯಿ ಒಂದನ್ನು ಆರಿಸಿ, ಬೆಟ್ಟದ ತಾಯಿಗೆ ಮೀಸಲು ಎಂದು ಸಿಪ್ಪೆಯ ಸಮೇತ ದೇವರ ಕೋಣೆಯಲ್ಲಿಟ್ಟೆ. ಮುಂದಿನ ತಿಂಗಳೇ ಹೋಗುವುದಿತ್ತು. ಮಂಡಿನೋವು, ಒಂದೆರಡು ಮದುವೆ, ಕಾಯಿ ಕೀಳಿಸುವ ಕೆಲಸ ಎಂದು ಹತ್ತು ಹನ್ನೊಂದು ತಿಂಗಳು ಮುಂದಕ್ಕೆ ಹೋಯಿತು.

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆಯಿರುವ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಸುಮ್ಮನೆ ಬಿಟ್ಟರೆ ನೀರು ಹಿಂಗಿ, ಒಳಗೇ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರ್ಕೆಟ್ಟು ನಡೆಯುವುದೇ ಅದರಿಂದ. ಇಷ್ಟೆಲ್ಲ ಗೊತ್ತಿದ್ದೂ ನನಗದು ಹೊಳೆಯಲಿಲ್ಲ. ಹೊರಡುವ ಹಿಂದಿನ ದಿನ ಸಿಪ್ಪೆ ಸುಲಿದು ಕೊಟ್ಟಾಗ ಅವಳು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಗಡಗಡ ಅಂತೈತೆ ಕಣ್ರೀ. ಬೇರೆ ತಗೊಳ್ಳಿ."

"ದೇವರ ಕಾಯಿ ಅಲ್ಲಾಡಿಸಬಾರದು ಕಣೇ! ಮೀಸಲು ಅಂದ್ರೆ ಮೀಸಲು. ಬದಲಾಯಿಸಿದರೆ ಮಾತಿಗೆ ತಪ್ಪಿದಂಗೆ."

ಮಾತಿಗೆ ತಪ್ಪುವುದರ ಬಗ್ಗೆ ಅವಳ ಮುಂದೆ ನಾನು ಹೇಳಿದೆ. ಅವಳು ಕಾಯಿಯನ್ನು ಚೀಲಕ್ಕೆ ಹಾಕಿದಳು.

ಬೆಟ್ಟದ ಮೇಲೆ ಪೂಜಾರಪ್ಪ ಕಾಯಿಯನ್ನು ಕಲ್ಲಿಗೆ ಹಾಕಿದರು. ಒಂದು ತೊಟ್ಟು ನೀರಿಲ್ಲ. ಚಿಪ್ಪು ಎರಡಾಗಿ, ದುಂಡನೆಯ ಕೊಬ್ಬರಿ ಜಿಗಿದು, ಮೆಟ್ಟಿಲ ಮೇಲೆ ಟಣ್ ಟಣ್ ಎಂದು ಉರುಳಿಕೊಂಡು ಹೋಯಿತು. ಸಾಲಿನಲ್ಲಿದ್ದವರೆಲ್ಲ ಕಾಲೆತ್ತಿ ದಾರಿ ಬಿಟ್ಟರು. ಪೂಜಾರಪ್ಪ ಅದು ನಿಲ್ಲುವವರೆಗೂ ನೋಡಿ, ನನ್ನ ಕಡೆ ತಿರುಗಿದರು.

"ತಿಪಟೂರು ಕಡೆಯೋರಾ?"

ನೀರಿಲ್ಲದ ಕಾಯಿ ಅಪಶಕುನವೆಂದು ನನ್ನ ಎದೆ ಒಡೆದೇ ಹೋಯಿತು. ತಪ್ಪು ಕಾಣಿಕೆಗೆಂದು ನೇರ ನಂಜನಗೂಡಿಗೆ ಹೋಗಿ, ಅವಳನ್ನೂ ಉಪವಾಸ ಇರಿಸಿ, ಸಂಜೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಅವಳು ಪರ್ಸಿನಿಂದ ಏನೋ ತೆಗೆದು ಕಡಿಯುವ ಸದ್ದು ಕೇಳಿತು. ಆ ಕೊಬ್ಬರಿ.

"ಪ್ರಸಾದ ಕಣ್ರೀ. ಇದಕ್ಕೆ ಉಪವಾಸ ಇಲ್ಲ."

೩. ಮೈಸೂರು ಬಲ್ಲವನು

ನಮ್ಮ ಅಂಗಡಿಯ ಪಕ್ಕದ ಗ್ಯಾರೇಜಿನ ಭಾಯ್ ಒಳ್ಳೆಯ ಮನುಷ್ಯ. ಮನೆಯವರನ್ನೆಲ್ಲ ಮೈಸೂರಿಗೆ ಕರೆದುಕೊಂಡು ಹೋಗುವ ಮುಂಚೆ ನನ್ನನ್ನೇ ಕೇಳಿದ: "ಅಣ್ಣಾ, ತಿನ್ನೋಕೆ ಯಾವ ಕಡೆ ಚೆನ್ನಾಗೈತೆ?"

ನಾನು ಕೆಮ್ಮಿ, ಮಠಗಳ ದಾಸೋಹದ ಹೆಸರು ಹೇಳಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡು ಹೋದ. ವಾಪಸ್ಸು ಬಂದವನು ಅಂಗಡಿಯ ಮುಂದೆ ನಿಂತು ನನ್ನ ಹೆಂಡತಿಗೆ ವರದಿ ಒಪ್ಪಿಸಿದ.

"ಮಾರ್ಕೆಟ್ ಹಿಂದಿನ ಗಲ್ಲೀಲಿ ಒಂದು ಸಣ್ಣ ಹೋಟೆಲ್ ಅಕ್ಕಾ. ನಾಲ್ಕೇ ಟೇಬಲ್. ದೋಸೆ ಮೇಲೆ ಬೆಣ್ಣೆ ಇಡ್ತಾರೆ, ಅದು ತಟ್ಟೆ ನಮ್ಮತ್ರ ಬರೋದ್ರೊಳಗೆ ಕರಗ್ತಾ ಇರತ್ತೆ. ಒಳಗಡೆ ಕೆಂಪು ಚಟ್ನಿ, ಪಲ್ಯ... ನಿಮಗೆ ಹೇಳಬೇಕಾ! ಅಣ್ಣ ಎಷ್ಟ್ ಸಲ ಹೋಗವ್ರೆ!"

ಊದುಬತ್ತಿ ಎಣಿಸುತ್ತಿದ್ದವಳ ಕೈ ನಿಂತಿತ್ತು. "ನಮ್ಮೋರಿಗೆ ಗೊತ್ತು ಬುಡಪ್ಪ" ಅಂದಳು. "ಮೈಸೂರಲ್ಲಿ ಎಲ್ಲೆಲ್ಲಿ ನಲ್ಲಿ ಐತೆ ಅಂತ. ಕೈಕಾಲ್ ತೊಳ್ಯೋಕೆ."

ಭಾಯ್ ನಗಲಿಲ್ಲ. ಗ್ಯಾರೇಜಿನೊಳಗೆ ಹೋಗಿ, ಗ್ರೀಸು ಮೆತ್ತಿದ ಬಿಲ್ ಪುಸ್ತಕದ ಹಾಳೆ ಹರಿದು, ಆ ಗಲ್ಲಿಗೆ ದಾರಿ ಬರೆದು ತಂದು ನನ್ನ ಕೈಗಿಟ್ಟ. "ಅಣ್ಣಾ, ದೇವರು ಅಲ್ಲಿಗೂ ಬರ್ತಾನೆ" ಅಂದ.

೪. ರಜ

ಚೀಟಿ ಇಟ್ಟುಕೊಂಡು ಹೊರಟೆವು. ನಮ್ಮ ಅಂಗಡಿಗೆ ವಾರದ ರಜ ಮಂಗಳವಾರ, ಹಾಗಾಗಿ ಮಂಗಳವಾರವೇ ಹೋದೆವು. ಮೊದಲು ಪ್ರಾಣಿ ನೋಡಿ, ಹಸಿವು ಮಾಡಿಕೊಂಡು, ಆಮೇಲೆ ದೋಸೆ ಎಂದು ಅವಳೇ ಲೆಕ್ಕ ಹಾಕಿದ್ದಳು. ಮೃಗಾಲಯದ ಗೇಟಿಗೆ ಬೀಗ. ಮಂಗಳವಾರ ರಜ. ಸರಿ ಎಂದು ಗಲ್ಲಿ ಹುಡುಕಿಕೊಂಡು ಹೋದರೆ, ಹೋಟೆಲಿನ ಬಾಗಿಲಿಗೂ ಹಲಗೆ ನೇತುಹಾಕಿದ್ದರು. ಮಂಗಳವಾರ ರಜ.

ಅವಳು ಆ ಹಲಗೆಯನ್ನು ಬಹಳ ಹೊತ್ತು ಓದಿದಳು.

"ಆನೆಗೂ ವಾರಕ್ಕೊಂದು ರಜ ಐತೆ. ಹೋಟೆಲ್ ಹೆಂಚಿಗೂ ರಜ ಐತೆ. ನಮ್ಮನೆ ಹೆಂಚಿಗೆ ಯಾವತ್ ರೀ?"

ಅವಳು ನಗುತ್ತಲೇ ಕೇಳಿದ್ದು. ನಾನೂ ನಕ್ಕೆ. ಆದರೆ ಮಾರನೆಯ ಬೆಳಿಗ್ಗೆ ಪೂಜೆಗೆ ಕೂತಾಗ ಅಡುಗೆಮನೆಯಿಂದ ಚುಂಯ್ ಎಂದು ಹಿಟ್ಟು ಹುಯ್ದ ಸದ್ದು ಬಂತು. ಇಷ್ಟು ವರ್ಷ ಆ ಸದ್ದು ಕೇಳಿದರೆ ನನ್ನ ಪೂಜೆ ಮುಗಿಯುವ ಹೊತ್ತಾಯಿತು ಎಂದಷ್ಟೇ ಗೊತ್ತಾಗುತ್ತಿತ್ತು. ಅವತ್ತು ಜಪ ಮುಂದಕ್ಕೆ ಹೋಗಲಿಲ್ಲ.

೫. ಹೆಂಚು

ಹೋದ ತಿಂಗಳು, ಬುಧವಾರ. ಮನೆಯಲ್ಲೇ ಪೂಜೆ ಮುಗಿಸಿದೆ. ಬುತ್ತಿ ಬೇಡವೆಂದೆ. ಕಾಯಿ ತೆಗೆದುಕೊಳ್ಳಲಿಲ್ಲ. "ಶಿವಾ, ಇವತ್ತೊಂದು ದಿನ ಅಡ್ಡ ಬರಬೇಡಪ್ಪ" ಎಂದು ಕೈಮುಗಿದು ಬಸ್ಸು ಹತ್ತಿದೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

ಹೋಟೆಲು ತೆರೆದಿತ್ತು. ಟೇಬಲ್ಲು ಖಾಲಿಯಿತ್ತು. ಅವಳನ್ನು ಕೂರಿಸಿ, ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಎರಡು ಮಸಾಲೆ ದೋಸೆ!"

ಹೋಟೆಲಿನ ಯಜಮಾನ ಬೆವರು ಒರೆಸಿಕೊಂಡ. "ದೋಸೆ ಹುಯ್ಯೋನು ಇವತ್ತು ಬಂದಿಲ್ಲ ಸ್ವಾಮಿ. ನಾನೇ ಹುಯ್ತಾ ಇದೀನಿ. ಸ್ವಲ್ಪ ಹೊಂದ್ಕೊಳ್ಳಿ."

ಒಲೆ ನಮಗೆ ಕಾಣುವಂತೆಯೇ ಇತ್ತು. ಅವನು ಮೊದಲನೆಯದು ಹುಯ್ದ. ಹೊಗೆ ಬಂತು. ಅವಳು ಕೂತಲ್ಲಿಂದಲೇ, "ಹೆಂಚು ಅಷ್ಟ್ ಕಾಯಿಸ್ಬಾರ್ದು ಕಣಣ್ಣ, ನೀರು ಚಿಮುಕಿಸಿ" ಅಂದಳು.

"ನೀನು ಸುಮ್ನೆ ಕೂತ್ಕೊಳೇ" ಅಂದೆ.

ಎರಡನೆಯದು ಹೆಂಚಿಗೆ ಅಂಟಿಕೊಂಡಿತು. "ಈರುಳ್ಳಿ ಅರ್ಧ ಕುಯ್ದು ಉಜ್ಜಿ!" ಎಂದು ಅರ್ಧ ಎದ್ದಳು. ನಾನು ಕೈ ಹಿಡಿದು ಕೂರಿಸಿದೆ. ಮೂರನೆಯದನ್ನು ಅವನು ಮಗುಚಲು ಹೋಗಿ ಮಡಚಿಹಾಕಿದಾಗ ನನ್ನ ಕೈಯಲ್ಲಿ ಅವಳ ಬಳೆಯ ಬಿಸಿಯಷ್ಟೇ ಉಳಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತಿದ್ದಳು.

"ಸರೀರಿ ಅತ್ಲಾಗೆ. ಹಿಟ್ಟು ಹಾಳ್ ಮಾಡ್ತೀರಾ."

ಆಮೇಲೆ ನಡೆದದ್ದನ್ನು ಮೈಸೂರಿನ ಆ ಗಲ್ಲಿ ಮರೆಯಲಾರದು. ಒಂದರ ಹಿಂದೊಂದು ದೋಸೆ, ಚಂದ್ರನ ಹಾಗೆ ದುಂಡಗೆ. ಜನ ಬಂದರು. ಇನ್ನೊಂದು, ಇನ್ನೊಂದು ಎಂದರು. "ಅಮ್ಮಾ, ಯಾವೂರು ನಿಮ್ದು?" ಅಂದರು. ನನ್ನ ಮುಂದೆಯೂ ತಟ್ಟೆ ಬಂತು. ಬೆಣ್ಣೆ ಕರಗುತ್ತಿತ್ತು. ಭಾಯ್ ಹೇಳಿದ್ದು ನಿಜ. ತಿಂದೆ. ಇನ್ನೊಂದು ತರಿಸಿಕೊಂಡು ತಿಂದೆ. ಥೇಟ್ ಮನೆಯ ರುಚಿ ಎಂದು ಪಕ್ಕದವರಿಗೆ ಹೇಳುವಷ್ಟರಲ್ಲಿ ಎದುರಿನ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು.

ಮೂವತ್ತೊಂದು ವರ್ಷ ಆದ ಮೇಲೆ ನಾನು ಅವಳನ್ನು ಮೈಸೂರಿಗೆ ಕರೆತಂದು, ಒಲೆಯ ಮುಂದೆ ನಿಲ್ಲಿಸಿ, ಬಿಸಿ ದೋಸೆ ನಾನೇ ತಿಂದಿದ್ದೆ.

ಎದ್ದು ಹೋದೆ. "ಕೊಡು ಇಲ್ಲಿ ಸೌಟು. ಹೋಗಿ ಕೂತ್ಕೊ."

"ನಿಮಗೆ ಬರಲ್ಲ ಕಣ್ರೀ."

"ಶಿವ ಬರಿಸ್ತಾನೆ. ಕೂತ್ಕೊ."

ಶಿವನಿಗೂ ಅಷ್ಟೊಂದು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚಿನಲ್ಲಿ ನಾಲ್ಕು ಬಾಲ. ಯಜಮಾನ ಬಗ್ಗಿ ನೋಡಿ, "ಸ್ವಾಮಿ, ಇದು ಯಾವ ತಾಲ್ಲೂಕಿನ ನಕ್ಷೆ?" ಅಂದ. ಕೆರೆದು, ಕಿತ್ತು, ಮೇಲೆ ಬೆಣ್ಣೆಯಿಟ್ಟು, ಎರಡೂ ಕೈಯಲ್ಲಿ ನೈವೇದ್ಯ ಹಿಡಿದ ಹಾಗೆ ಹಿಡಿದು ಅವಳ ಮುಂದಿಟ್ಟೆ. ನಾಲ್ಕೂ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದ್ದರು.

ಅವಳು ಒಂದು ಚೂರು ಮುರಿದಳು. ಬಾಯಿಗಿಟ್ಟಳು. ಉಫ್ ಎಂದು ಊದಿಕೊಂಡಳು.

"ಬಿಸಿ ಐತೆ" ಅಂದಳು.

ಇನ್ನೊಂದು ಚೂರು ತಿಂದಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡುತ್ತ, ಹೋಟೆಲಿಗೆಲ್ಲ ಕೇಳುವ ಹಾಗೆ ಅಂದಳು:

"ಅಲ್ರೀ, ಇದನ್ನ ಹುಯ್ಯೋಕೆ ಮೈಸೂರಿಗೇ ಬರ್ಬೇಕಿತ್ತಾ? ಹೆಂಚು ನಮ್ಮನೇಲೂ ಇತ್ತಲ್ಲ!"