ಇಲ್ಲಿ ಮಾತಿಲ್ಲ, ಬರೀ ಕತ್ತರಿ!

"ಇವತ್ತಿಂದ ಅಂಗಡೀಲಿ ನಾನು ತುಟಿ ಪಿಟಕ್ ಅನ್ನಲ್ಲ!"

ನಮ್ಮ ಕಟಿಂಗ್ ಶಾಪ್ ಯಜಮಾನ ಹಲ್ಲುಜ್ಜೋ ಬ್ರಷ್ ಮೇಲೆತ್ತಿ ಭೀಷ್ಮ ಪ್ರತಿಜ್ಞೆ ಮಾಡಿದ. ಗಿರಾಕಿಗಳು ಇವನಿಗಿಟ್ಟ ಹೆಸರು ರೇಡಿಯೋ. ಅಸಲಿ ರೇಡಿಯೋ ಆದ್ರೂ ಕಿವಿ ಹಿಂಡಿದ್ರೆ ಬಾಯಿ ಮುಚ್ಚುತ್ತೆ, ಇವನಲ್ಲಿ ಆ ಸೌಕರ್ಯವೂ ಇರಲಿಲ್ಲ!

ಹೆಂಡತಿ ಗಾಬರಿಯಾದಳು. "ರೀ, ಮೈ ಬೆಚ್ಚಗಿದ್ಯಾ?"

"ತಮಾಷೆ ಅಲ್ಲ ಕಣೇ. ಎದುರಿಗೆ ಆ ಹೊಸ ಸಲೂನು ಬಂದ ಮೇಲೆ ನಮ್ಮಲ್ಲಿ ಬರೀ ನೊಣ ಹೊಡೆಯೋದಾಗಿದೆ. ಹೀಗೇ ಆದ್ರೆ ಅಂಗಡಿ ಮುಚ್ಚೋದೇ! ಅವನ ಹತ್ರ ಏಸಿ ಇದೆ, ಗಿರಗಿರ ತಿರುಗೋ ಕುರ್ಚಿ ಇದೆ. ಅವನ ಹತ್ರ ಇಲ್ಲದ್ದು ಏನು ಹೇಳು? ಶಾಂತಿ! ಇಡೀ ದಿನ ಟೀವಿ ಅರಚ್ತಿರುತ್ತೆ ಅಲ್ಲಿ."

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಅತ್ತೆ ಬಡ್ಕೊಂಡಾಗ ಬರದ ಬುದ್ಧಿ, ಈಗ ಬಂತಾ? ಸದ್ಯ!"

ಅಂಗಡೀಲಿ ಬೋರ್ಡೂ ನೇತಾಡಿತು: 'ಇಲ್ಲಿ ಮಾತಿಲ್ಲ, ಬರೀ ಕತ್ತರಿ!'

ಮೊದಲು ಬಂದವನು ಬಸ್ ಡ್ರೈವರ್. ಅವನ ಮೀಸೆ ಅಂದ್ರೆ ಸಾಮಾನ್ಯದ್ದಲ್ಲ, ಬಸ್ಸಿಗಿಂತ ಮೊದಲು ಅದೇ ಸ್ಟಾಪಿಗೆ ಬರ್ತಿತ್ತು! "ಏನ್ ರೇಡಿಯೋ, ಸಮಾಚಾರ?" ಅಂದ. ರೇಡಿಯೋ ಋಷಿಯ ಗಾಂಭೀರ್ಯದಲ್ಲಿ ಬೋರ್ಡ್ ತೋರಿಸಿದ. ಮಾತಿಲ್ಲದ ಅಂಗಡೀಲಿ ಡ್ರೈವರಿಗೆ ಸೊಗಸಾದ ಜೊಂಪು ಹತ್ತಿತು.

ಕೆನ್ನೆ ಆಯ್ತು, ಗದ್ದ ಆಯ್ತು. ಕತ್ತಿ ಮೀಸೆಯ ಮುಂದೆ ಬಂದು ನಿಂತಿತು. ಇಡಬೇಕಾ, ತೆಗೀಬೇಕಾ? ಕೇಳಿದ್ರೆ ವ್ರತಭಂಗ! ಭುಜ ತಟ್ಟಿ, ಮೀಸೆ ತೋರಿಸಿ, ಗಾಳೀಲಿ ಕತ್ತಿ ಬೀಸಿ ಸನ್ನೆ ಮಾಡಿದ. ಡ್ರೈವರು ನಿದ್ದೆಗಣ್ಣಲ್ಲೇ "ಹೂಂ" ಅಂದ.

ಮುಗೀತು ಕಥೆ!

ಎಚ್ಚರಾದ ಡ್ರೈವರು ಕನ್ನಡಿ ನೋಡಿ, "ಯಾರಯ್ಯಾ ಇವನು?" ಅಂತ ಕಿರುಚಿದ. ಮನೆಗೆ ಓಡಿದವನು ಹೆಂಡತೀನ ಕರ್ಕೊಂಡೇ ಬಂದ. ಆಕೆ ಸೆರಗು ಸಿಕ್ಕಿಸಿ, "ನಮ್ಮೆಜಮಾನ್ರ ಮರ್ಯಾದೆ ತೆಗೆದ್ಯಲ್ಲೋ! ಯಾಕೋ ತೆಗೆದೆ?" ಅಂದಳು. ರೇಡಿಯೋ ಬೋರ್ಡ್ ತೋರಿಸಿದ! "ಮಾಡೋದೂ ಮಾಡಿ, ತಪ್ಪಾಯ್ತು ಅನ್ನೋಕೂ ಬಾಯಿಲ್ವಾ ನಿಂಗೆ?"

ಗಲಾಟೆ ಕೇಳಿ ಅಂಗಡಿ ಹಿಂದಿನ ಮನೆಯಿಂದ ರೇಡಿಯೋ ಹೆಂಡತಿ ಓಡಿಬಂದಳು.

"ಅಕ್ಕಾ, ಬೈಯೋಕೆ ಮುಂಚೆ ಒಂದ್ಸಲ ಅವರ ಮುಖ ನೋಡಿ. ಆ ಮೀಸೆ ಹಿಂದೆ ಇಂಥಾ ಚೆಂದದ ತುಟಿ ಇತ್ತಾ?"

ಆಕೆ ತಿರುಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಕಿಸಕ್ಕನೆ ನಕ್ಕುಬಿಟ್ಟಳು. ಡ್ರೈವರು ನಾಚಿ ಕೆಂಪಾದ. ಇಬ್ಬರೂ ಕೈ ಹಿಡ್ಕೊಂಡು ಮನೆಗೆ ಹೋದರು.

"ನಿಮ್ಮ ವ್ರತ ನಿಮಗಿರಲಿ ಮಾರಾಯ್ರೇ, ಗಿರಾಕೀನ ಕೇಳೋ ಕೆಲಸ ನನಗೆ ಬಿಡಿ," ಅಂತ ಹೆಂಡತಿ ಮಾರನೇ ದಿನ ಸ್ಟೂಲ್ ಹಾಕ್ಕೊಂಡು ಕೂತಳು. "ಅಣ್ಣಾ, ಮೀಸೆ ಇಡೋದಾ? ಮನೇಲಿ ಒಪ್ಪಿಗೆ ತಗೊಂಡ್ರಾ?" "ಈ ನಾಲ್ಕು ಕೂದಲಿಗೆ ಕಟಿಂಗ್ ಯಾಕಪ್ಪಾ, ಹೆಸರಿಟ್ಟು ಸಾಕು!" ಅಂಗಡಿ ತುಂಬಾ ನಗು. ವಾರ ಕಳೆಯೋದ್ರಲ್ಲಿ ಬೆಂಚು ಸಾಲದೆ ಜನ ಹೊರಗೆ ನಿಂತರು. ಕ್ಷೌರ ಮುಗಿದವರೂ ಏಳಲೊಲ್ಲರು!

ರೇಡಿಯೋ ಎದೆ ಒಳಗೊಳಗೇ ಉಬ್ಬಿತು. ನೋಡಿದ್ರಾ ಮೌನದ ಮಹಿಮೆ!

ಒಂದು ಮಧ್ಯಾಹ್ನ ಎದುರು ಸಲೂನಿನವನೇ ರಸ್ತೆ ದಾಟಿ ಬಂದು ಕೈ ಮುಗಿದ. ರೇಡಿಯೋಗೆ ತಡೆಯೋಕಾಗಲಿಲ್ಲ. ವ್ರತ ಗಿತ ಎಲ್ಲ ಬಿಟ್ಟು, "ಗುಟ್ಟು ಕೇಳೋಕೆ ಬಂದ್ರಾ ಸ್ವಾಮಿ? ಮೌನ! ಬರೀ ಮೌನ!" ಅಂದ.

ಸಲೂನಿನವನು ಬೆಚ್ಚಿಬಿದ್ದ. "ಅಯ್ಯೋ, ನಿಮಗೆ ಮಾತು ಬರುತ್ತಾ? ನಾನು ಅಕ್ಕನ್ನ ನೋಡೋಕೆ ಬಂದೆ. ಅಕ್ಕಾ, ನಮ್ಮ ಸಲೂನಿಗೂ ಬಂದು ಕೂತ್ಕೋತೀರಾ? ಸಂಬಳ ನೀವು ಹೇಳಿದಷ್ಟು!"

ಹೆಂಡತಿ ಗಂಡನ ಕಡೆ ತಿರುಗಿದಳು. "ಏನ್ರೀ, ನೀವೆಷ್ಟು ಕೊಡ್ತೀರಿ?"

ರೇಡಿಯೋ ಬಾಯಿ ತೆರೆದ. ಹುಟ್ಟಿದಾಗಿನಿಂದ ಮೊದಲ ಸಲ, ಮಾತೇ ಹೊರಡಲಿಲ್ಲ!